ಸಕ್ಕರೆಗೆ ಸಹಿ

ಎಲೆಕ್ಟ್ರಾನಿಕ್ ಸಿಟಿ
9 ಫೆಬ್ರವರಿ 2025

ಅಪ್ಪನಿಗೆ ಮಹಾದೇವಿಯ ಶರಣು.

ನೀನು ನನ್ನ ನಂಬರನ್ನು ಬ್ಲಾಕ್ ಮಾಡಿ ಇಂದಿಗೆ ಹನ್ನೊಂದು ದಿನ. ಪೀಣ್ಯದ ಕೃಷ್ಣಮ್ಮನ ಮೆಸ್ಸಿನ ವಿಳಾಸವನ್ನು ಬ್ಲಾಕ್ ಮಾಡುವುದು ಹೇಗೆಂದು ನಿನಗಿನ್ನೂ ಗೊತ್ತಾಗಿರಲಾರದು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ದಿನಕ್ಕೊಂದು ಸಲವಾದರೂ ಊಟಕ್ಕೆ ಅಲ್ಲಿಗೆ ಬರುತ್ತೀಯ, ಅವರು ಕೊಡುತ್ತಾರೆ.

ಅವತ್ತು ನಡೆದದ್ದನ್ನು ನೀನು ಅವ್ವನಿಗೆ ನಿನ್ನ ಥರ ಹೇಳಿದ್ದೀಯ. ‘ನಾಕ ಮಂದಿ ಡ್ರೈವರ ಮುಂದ ಮಗಳು ನನ್ನ ಮಾನ ಕಳದ್ಲು’ ಅಂದೆಯಂತೆ. ಗಾರ್ಮೆಂಟ್ಸಿನಿಂದ ಆಗಷ್ಟೇ ಬಂದಿದ್ದ ಅವ್ವ ಬೊಮ್ಮನಹಳ್ಳಿಯ ರೂಮಿನ ಹೊಸ್ತಿಲಲ್ಲಿ ನಿಂತು, ಚಪ್ಪಲಿಯನ್ನೂ ಬಿಡದೆ ಅದನ್ನು ನನಗೆ ಹೇಳಿದಳು. ಈಗ ನನ್ನ ಥರ ಹೇಳುತ್ತೇನೆ, ಕೇಳು.

ಲೋಡ್ ತುಂಬಲು ಬರುವ ಪ್ರತಿ ಚಾಲಕನಿಗೂ ಬಿಪಿ, ಸಕ್ಕರೆ, ಕಣ್ಣು ಪರೀಕ್ಷೆ ಆಗಬೇಕೆಂದು ನಮ್ಮ ಕಾರ್ಖಾನೆ ಈ ವರ್ಷ ನಿಯಮ ಮಾಡಿದೆ. ಗೇಟಿನ ಪಕ್ಕದ ಕೋಣೆಯಲ್ಲಿ ಪರೀಕ್ಷೆ ಮಾಡುವ ನರ್ಸ್ ನಾನು. ನೀನು ಲಾರಿಯನ್ನು ಸಾಲಿನಲ್ಲಿ ನಿಲ್ಲಿಸಿ ಬಂದೆ. ನನ್ನನ್ನು ಕಂಡು ನಕ್ಕೆ. ಹಿಂದೆ ನಿಂತವರಿಗೆ ‘ನನ್ನ ಮಗಳ್ರೀಪಾ’ ಅಂದೆ. ನಾನು ನಿನ್ನ ಬೆರಳು ಚುಚ್ಚಿದೆ, ಮುನ್ನೂರ ಎಂಬತ್ತೇಳು ಬಂತು. ಮಷಿನ್ ಸರಿಯಿಲ್ಲವೇನೋ ಎಂದು ಇನ್ನೊಂದು ಬೆರಳು ಚುಚ್ಚಿದೆ, ಮುನ್ನೂರ ತೊಂಬತ್ತು. ಗೋಡೆಯ ಮೇಲಿನ ಅಕ್ಷರಗಳಲ್ಲಿ ಮೂರನೇ ಸಾಲಿಗೇ ನೀನು ನಿಂತುಬಿಟ್ಟೆ. ಆಮೇಲೆ ಬಗ್ಗಿ ಮೆಲ್ಲಗೆ ಅಂದೆ: ‘ಮುನ್ನೂರ ತಗದು ನೂರಾ ಅಂತ ಬರಿಯವ್ವಾ. ಒಂದ ಅಂಕಿ.’

ನಾನು ಬಂದದ್ದನ್ನೇ ಬರೆದು ಸಹಿ ಹಾಕಿದೆ. ನೀನು ಆ ಕಾಗದವನ್ನು ಓದದೆ ಮಡಚಿ, ‘ಆತ್ರೀ ಮೇಡಂ’ ಎಂದು ಹೊರಗೆ ಹೋದೆ. ಮೂರು ತಿಂಗಳ ಮಟ್ಟಿಗೆ ನಿನ್ನ ಗೇಟ್ ಪಾಸ್ ರದ್ದಾಯಿತು. ನಿನ್ನ ದುಡಿಮೆಯ ಅರ್ಧ ಈ ಗೇಟಿನಿಂದ ಬರುತ್ತದೆಂದು ನನಗೆ ಗೊತ್ತಿಲ್ಲವೇ ಅಪ್ಪಾ? ನನ್ನ ನರ್ಸಿಂಗ್ ಓದೂ ಅದೇ ಲಾರಿಯಿಂದ ಆದದ್ದು.

ಕ್ಷಮಿಸು ಎಂದು ಬರೆಯುವುದಿಲ್ಲ. ನಾಳೆ ನೀನು ಮತ್ತೆ ಬಂದರೂ ಬಂದದ್ದನ್ನೇ ಬರೆಯುತ್ತೇನೆ. ಡಾಕ್ಟರ ಹತ್ತಿರ ಹೋಗು, ಮಾತ್ರೆ ಶುರು ಮಾಡು.

ಮೇಡಂ ಅಲ್ಲದ ನಿನ್ನ ಮಗಳು,
ಮಹಾದೇವಿ

*

ಪೀಣ್ಯ
17 ಫೆಬ್ರವರಿ 2025

ಮಾನ್ಯ ಮೇಡಂ ಅವರಿಗೆ,

ಲಾರಿ ಮಾಲೀಕ ಹಾಗೂ ಚಾಲಕ ಸಿದ್ರಾಮನ ನಮಸ್ಕಾರಗಳು.

ತಮ್ಮ ಕಾಗದ ತಲುಪಿತು. ಕೃಷ್ಣಮ್ಮ ಸಾಂಬಾರಿನ ಕೈಯಲ್ಲೇ ಕೊಟ್ಟಳು, ಮೂಲೆಯಲ್ಲಿ ಕಲೆಯಾಗಿದೆ. ಹಳೆಯ ಬಿಲ್ಟಿ ರಸೀದಿಯ ಹಿಂಬದಿಯಲ್ಲಿ ಉತ್ತರ ಬರೆಯುತ್ತಿದ್ದೇನೆ, ಬೇರೆ ಹಾಳೆ ಇಲ್ಲ.

ಇಪ್ಪತ್ತೆಂಟು ವರ್ಷದಿಂದ ಓಡಿಸುತ್ತಿದ್ದೇನೆ. ಒಂದು ನಾಯಿಯನ್ನೂ ಕೊಂದವನಲ್ಲ. ಆ ಲೆಕ್ಕಕ್ಕೆ ತಮ್ಮ ಫಾರ್ಮಿನಲ್ಲಿ ಜಾಗವಿರಲಿಲ್ಲ. ಇನ್ನೂ ಕೆಲವಕ್ಕೆ ಜಾಗವಿರಲಿಲ್ಲ, ತಿಳಿಸುತ್ತೇನೆ.

ತಮ್ಮ ಗೇಟಿನ ಹೊರಗೆ ಅವತ್ತು ನಾನು ಒಂಬತ್ತು ತಾಸು ಕಾದಿದ್ದೆ. ಅದಕ್ಕೆ ಮೊದಲಿನ ಸಲ ಹದಿಮೂರು. ಸಾಲಿನಿಂದ ಲಾರಿ ತೆಗೆದರೆ ಸರದಿ ಹೋಗುತ್ತದೆ. ಗೇಟಿನ ಒಳಗೆ ಶೌಚಾಲಯವಿದೆ, ಕೀಲಿ ಸೆಕ್ಯುರಿಟಿಯವನ ಸೊಂಟದಲ್ಲಿರುತ್ತದೆ. ಕೇಳಿದರೆ ‘ಡ್ರೈವರ್‌ಗಳಿಗಲ್ಲ’ ಅನ್ನುತ್ತಾನೆ. ಎದುರಿಗೆ ಮೊದಲಿದ್ದ ಖಾಲಿ ಜಾಗದಲ್ಲಿ ಈಗ ಅಪಾರ್ಟ್‌ಮೆಂಟ್. ಆದ್ದರಿಂದ ನಾವು ನೀರು ಕುಡಿಯುವುದನ್ನು ಬಿಟ್ಟೆವು. ಕುಡಿದರೆ ತಾನೇ ಹೋಗಬೇಕಾಗುವುದು? ರಸ್ತೆಬದಿಯ ಅಂಗಡಿಯ ಬೆಂಚಿನ ಮೇಲೆ ಕೂರಲು ಚಹಾ ತೆಗೆದುಕೊಳ್ಳಲೇಬೇಕು. ಒಂಬತ್ತು ತಾಸಿಗೆ ಏಳು ಚಹಾ. ಸಕ್ಕರೆ ಕಡಿಮೆ ಮಾಡು ಎಂದರೆ ಅವನು ‘ಪಾತ್ರೇಲೇ ಹಾಕ್ಬಿಟ್ಟಿದೀನಿ ಅಣ್ಣ’ ಅನ್ನುತ್ತಾನೆ. ಹಸಿವಾದರೆ ಪರೋಟ. ನಿದ್ದೆ ಕ್ಯಾಬಿನ್ನಿನಲ್ಲಿ, ಸ್ಟೇರಿಂಗಿನ ಮೇಲೆ ಕಾಲು ಹಾಕಿ, ಮುಂದಿನ ಲಾರಿ ಕದಲುವ ತನಕ. ಲೋಡ್ ಆದ ತಕ್ಷಣ ಅವರಿಗೆ ಅವಸರ. ‘ಬೆಳಗಾಗೋದ್ರಲ್ಲಿ ಹುಬ್ಬಳ್ಳೀಲಿರ್ಬೇಕು ಗುರು’ ಅನ್ನುತ್ತಾರೆ.

ಆ ರಕ್ತದಲ್ಲಿ ಮುನ್ನೂರ ಎಂಬತ್ತೇಳು ಹಾಕಿದವರೇ ಪಾಸ್ ಕಿತ್ತುಕೊಂಡರು. ತಾವು ಸಹಿ ಹಾಕಿದಿರಿ.

ನನಗೇನೂ ತೊಂದರೆಯಾಗಿಲ್ಲ. ಪೀಣ್ಯದಲ್ಲಿ ರಕ್ತ ಕೇಳದೆ ಲೋಡ್ ಕೊಡುವವರು ಬೇಕಾದಷ್ಟು ಜನರಿದ್ದಾರೆ. ತಾವು ಕಾಗದ ಬರೆಯುವ ಶ್ರಮ ತೆಗೆದುಕೊಳ್ಳಬಾರದು. ಬರೆದರೆ ಕೃಷ್ಣಮ್ಮ ಇಟ್ಟುಕೊಂಡು ಕೊಡುತ್ತಾಳೆ, ಅದು ಬೇರೆ ಮಾತು.

ಇಂತಿ,
ಅನರ್ಹ ಚಾಲಕ ಸಿದ್ರಾಮ

*

ಎಲೆಕ್ಟ್ರಾನಿಕ್ ಸಿಟಿ
2 ಮಾರ್ಚ್ 2025

ಅಪ್ಪಾ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು. ಎರಡನೇ ಸಲ, ಎರಡು ವರ್ಷದಿಂದ ಈ ಗೇಟಿನೊಳಗೆ ಕೂತಿದ್ದರೂ ಒಂದು ದಿನವೂ ಹೊರಗಿನ ಸಾಲಿನ ಕೊನೆಯವರೆಗೆ ನಡೆದು ನೋಡಿಲ್ಲವಲ್ಲ ಅನ್ನಿಸಿತು.

ಮೊನ್ನೆ ಊಟದ ಹೊತ್ತಿನಲ್ಲಿ ಡಬ್ಬಿ ತೆರೆಯದೆ ಹೊರಗೆ ಹೋದೆ. ಫ್ಲೈಓವರ್ ಇಳಿಯುವ ತಿರುವಿನ ತನಕ ಮೂವತ್ತೊಂದು ಲಾರಿ ನಿಂತಿದ್ದವು. ಪ್ರತಿಯೊಬ್ಬರನ್ನೂ ಮಾತಾಡಿಸಿದೆ. ಬೆಳಗ್ಗೆಯಿಂದ ಎಷ್ಟು ನೀರು ಕುಡಿದಿರಿ ಎಂದು ಕೇಳಿದರೆ ನಗುತ್ತಾರೆ. ಸೇಲಂ ಕಡೆಯ ಒಬ್ಬರು ಮೂತ್ರದಲ್ಲಿ ರಕ್ತ ಬರುತ್ತಿದೆ ಎಂದರು, ಅದೂ ಯಾರೋ ಬೇರೆಯವರ ಸುದ್ದಿ ಹೇಳಿದ ಹಾಗೆ.

ಸೆಕ್ಯುರಿಟಿಯವರ ಹತ್ತಿರ ಕೀಲಿ ಕೇಳಿದೆ.

‘ಆರ್ಡರ್ ಇಲ್ಲ ಮೇಡಂ. ಕೊಟ್ರೆ ನನ್ ಕೆಲ್ಸ ಹೋಗುತ್ತೆ’ ಎಂದರು.

ಆರ್ಡರ್ ಕೊಡಬೇಕಾದ ಆಡಳಿತದ ಗುರುರಾಜ್ ಸಾರ್ ಹತ್ತಿರ ಹೋಗಿ ಬರಹದಲ್ಲೇ ಕೊಟ್ಟೆ. ಓದಿ ನೋಡಿ ನಕ್ಕರು. ‘ನೋಡಮ್ಮ, ಗೇಟ್ ಒಳಗಡೆ ನಿನ್ ಕೆಲ್ಸ. ಹೊರಗಡೆ ಇರೋದು ಟ್ರಾನ್ಸ್‌ಪೋರ್ಟ್‌ನವರ ತಲೆನೋವು’ ಎಂದರು. ಇನ್ನೊಮ್ಮೆ ಬರೆದುಕೊಟ್ಟೆ. ಪ್ರತಿ ಸೋಮವಾರ ಕೊಡುತ್ತೇನೆ.

ನೀನು ಬರೆದದ್ದೆಲ್ಲ ನಿಜ. ಆದರೆ ನ್ಯಾಯ ನಿನ್ನ ಕಡೆಗಿದೆ ಎಂದು ಸಕ್ಕರೆ ಇಳಿಯುವುದಿಲ್ಲ ಅಪ್ಪಾ. ನಿನ್ನ ಕಣ್ಣು ಕಾರ್ಖಾನೆಯ ಮೇಲಿನ ಸಿಟ್ಟಿಗೆ ಚುರುಕಾಗುವುದಿಲ್ಲ. ಅವ್ವನ ಕೈಯಲ್ಲಿ ಸಕ್ಕರೆ ನೋಡುವ ಮಷಿನ್ ಮತ್ತು ಮಾತ್ರೆ ಕಳಿಸಿದ್ದೇನೆ. ಭಾನುವಾರ ನೀನು ಮನೆಗೆ ಬರುವುದನ್ನು ಬಿಟ್ಟಿದ್ದೀಯಂತೆ, ಅವಳೇ ಬಸ್ ಹತ್ತಿ ಪೀಣ್ಯಕ್ಕೆ ಬರುತ್ತಾಳೆ. ಅವಳ ಮೇಲೆ ರೇಗಬೇಡ, ರೇಗುವುದಿದ್ದರೆ ನನಗೆ ಬರೆ.

ಮಹಾದೇವಿ

*

ಪೀಣ್ಯ ಎರಡನೇ ಹಂತ
11 ಏಪ್ರಿಲ್ 2025

ಮಗಳು ಮಹಾದೇವಿಗೆ ನೀಲಪ್ಪ ಕಾಕಾನ ಆಶೀರ್ವಾದ.

ನಾನು ಬರೆಯುತ್ತಿರುವುದು ನಿಮ್ಮಪ್ಪನಿಗೆ ಗೊತ್ತಿಲ್ಲ. ಗೊತ್ತಾದರೆ ಮೂವತ್ತು ವರ್ಷದ ಗೆಳೆತನ ಹೋಗುತ್ತದೆ. ಹೋದರೆ ಹೋಗಲಿ.

ಮಂಗಳವಾರ ಮಧ್ಯಾಹ್ನ ಮೂರು ಗಂಟೆ. ಸಿದ್ರಾಮ ಇಲ್ಲಿಯ ಶೈಲಜಾ ಮೇಡಂ ಅವರ ವರ್ಕ್‌ಶಾಪಿನಿಂದ ಒಂದು ಕೊರೆಯುವ ಮಷಿನ್ ತುಂಬಿಕೊಂಡು ತುಮಕೂರಿಗೆ ಹೊರಟಿದ್ದ. ನಾನು ನನ್ನ ಲಾರಿಯಲ್ಲಿ ಹಿಂದೆಯೇ ಇದ್ದೆ. ನೆಲಮಂಗಲ ದಾಟುತ್ತಿದ್ದಂತೆ ಮುಂದೆ ಒಂದು ಸ್ಕೂಟರ್, ಅದರ ಮೇಲೆ ಒಬ್ಬ ಹೆಣ್ಣುಮಗಳು, ಹಿಂದೆ ಯೂನಿಫಾರಂ ಹಾಕಿದ ಕೂಸು. ನಿಮ್ಮಪ್ಪ ವೇಗ ತಗ್ಗಿಸಲೇ ಇಲ್ಲ. ನಾನು ಹಾರ್ನ್ ಒತ್ತಿಹಿಡಿದೆ. ಕೊನೆಗೆ ಒಮ್ಮೆಲೇ ಬಲಕ್ಕೆ ಎಳೆದು ಡಿವೈಡರಿಗೆ ಹೊಡೆದ. ಸ್ಕೂಟರಿಗೂ ಲಾರಿಗೂ ನಡುವೆ ಒಂದು ಗೇಣು ಉಳಿದಿತ್ತು. ಯಾರಿಗೂ ಏನೂ ಆಗಲಿಲ್ಲ. ಮಷಿನ್ ಹಗ್ಗ ಹರಿದುಕೊಂಡು ರಸ್ತೆಗೆ ಬಿತ್ತು.

ಓಡಿಹೋಗಿ ಕ್ಯಾಬಿನ್ ಬಾಗಿಲು ತೆರೆದೆ. ‘ಕಾಣಲಿಲ್ಲೋ ನೀಲ್ಯಾ’ ಅಂದ. ‘ಸ್ಕೂಟರ್ ಇದ್ದದ್ದ ಕಾಣಲಿಲ್ಲ.’ ಆಮೇಲೆ ಪೊಲೀಸರಿಗೂ ಮೇಡಂ ಅವರಿಗೂ ಬ್ರೇಕ್ ಫೇಲ್ ಎಂದ. ಎಲ್ಲರೂ ನಂಬಿದರು.

ಇನ್ನೊಂದು ವಿಷಯ. ಕ್ಲಚ್ ತುಳಿಯುವ ಎಡಗಾಲಿನಲ್ಲಿ ಅವನಿಗೆ ಗಾಯವಾಗಿದೆ. ಚಪ್ಪಲಿಯ ಮೊಳೆ ಚುಚ್ಚಿ ಎಷ್ಟು ದಿನವಾಗಿತ್ತೋ, ಅವನಿಗೇ ಗೊತ್ತಿಲ್ಲ. ನೋವಾಗಲಿಲ್ಲವೇನೋ ಎಂದರೆ ‘ಏನೂ ಆಗಂಗಿಲ್ಲ, ನಂದು ಗಟ್ಟಿ ಕಾಲು’ ಎನ್ನುತ್ತಾನೆ. ಬೆರಳು ಕಪ್ಪಾಗಿದೆ, ವಾಸನೆ ಬರುತ್ತಿದೆ. ಕೃಷ್ಣಮ್ಮ ಊಟ ಬಡಿಸುವಾಗ ಸೆರಗು ಮೂಗಿಗೆ ಹಿಡಿದುಕೊಂಡದ್ದನ್ನು ನೋಡಿ ಅವನು ತಟ್ಟೆ ಬಿಟ್ಟು ಎದ್ದುಹೋದ. ನಿನ್ನೆಯಿಂದ ಮೆಸ್ಸಿಗೂ ಬಂದಿಲ್ಲ.

ನೀನು ಕಳಿಸಿದ ಸಕ್ಕರೆ ಮಷಿನ್ ಡ್ಯಾಶ್‌ಬೋರ್ಡಿನಲ್ಲಿದೆ. ಡಬ್ಬಿಯನ್ನು ಅವನು ತೆರೆದೇ ಇಲ್ಲ. ನಿನ್ನ ಎರಡೂ ಕಾಗದಗಳು ಮಾತ್ರ ಅದರ ಪಕ್ಕದಲ್ಲಿವೆ, ಮಡಿಕೆ ಸವೆದಿದೆ.

ಬೇಗ ಬಾ. ಅವನು ಬಯ್ಯುತ್ತಾನೆ, ಬಯ್ಯಲಿ.

ನಿನ್ನ ಕಾಕಾ,
ನೀಲಪ್ಪ

*

ಪೀಣ್ಯ
29 ಜೂನ್ 2025

ಮಾದೇವಿಗೆ ನಿನ್ನ ಅಪ್ಪ ಬರೆಯುವುದು.

ನಿನ್ನ ನಂಬರನ್ನು ಬ್ಲಾಕಿನಿಂದ ತೆಗೆದಿದ್ದೇನೆ. ಆದರೂ ಬರೆಯುತ್ತೇನೆ. ಫೋನಿನಲ್ಲಿ ನನಗೆ ಕೂಗುವ ಅಭ್ಯಾಸ, ಕಾಗದದಲ್ಲಿ ಕೂಗಲು ಬರುವುದಿಲ್ಲ.

ಆಸ್ಪತ್ರೆಯಲ್ಲಿ ಒಂಬತ್ತು ದಿನ ನೀನು ನನ್ನ ಪಕ್ಕದಲ್ಲಿ ಕೂತೆ. ನಾವಿಬ್ಬರೂ ಆಡಿದ್ದು ಗಂಜಿ, ಮಾತ್ರೆ, ಫ್ಯಾನು ಇಷ್ಟೇ. ಡಾಕ್ಟರು ಕಾಲ್ಬೆರಳು ತೆಗೆಯಬೇಕು ಎಂದಾಗ ಸಹಿಗೆ ಕಾಗದ ತಂದರು. ಸಹಿ ಹಾಕಲು ಊರಿದ ಪೆನ್ನನ್ನು ನೀನು ಒಮ್ಮೆ ಮತ್ತೆ ಎತ್ತಿದ್ದನ್ನು ನಾನು ನೋಡಿದೆ. ನೋಡಲಿಲ್ಲ ಎನ್ನುವಂತೆ ಗೋಡೆಯ ಕಡೆ ತಿರುಗಿದೆ. ಅವತ್ತು ಗೇಟಿನ ಕೋಣೆಯಲ್ಲಿಯೂ ನಿನ್ನ ಪೆನ್ನು ಹಾಗೇ ಎದ್ದಿತ್ತೇನೋ, ನಾನು ಕಾಗದವನ್ನಷ್ಟೇ ನೋಡಿದ್ದೆ.

ಆರು ವಾರ ಮನೆಯಲ್ಲಿದ್ದೆ. ನಿಮ್ಮವ್ವ ಜೋಳದ ರೊಟ್ಟಿ, ಪಲ್ಯ ಹಾಕಿ ಎದುರಿಗೇ ಕೂತಿರುತ್ತಿದ್ದಳು. ಬೆಳಗ್ಗೆ ಬೆರಳು ಚುಚ್ಚಿಕೊಳ್ಳುವುದನ್ನು ಕಲಿತೆ. ಮೊನ್ನೆ ನೂರಾ ನಲವತ್ತೆರಡು, ನಾನೇ ಓದಿ ನಾನೇ ಬರೆದದ್ದು. ಕನ್ನಡಕ ಹಾಕಿದ ಮೇಲೆ ಎದುರು ಬರುವ ಬಸ್ಸಿನ ಬೋರ್ಡು ಓದಲು ಬರುತ್ತದೆ. ಇಷ್ಟು ದಿನ ಬಣ್ಣ ನೋಡಿ ಬಸ್ಸು ಗುರುತಿಸುತ್ತಿದ್ದೆ ಎನ್ನುವುದನ್ನು ಈಗ ಹೇಳಬಹುದು.

ಲಾರಿ ರಿಪೇರಿಯಾಗಿ ಬಂದ ದಿನ ಮೊದಲು ಶೈಲಜಾ ಮೇಡಂ ವರ್ಕ್‌ಶಾಪಿಗೆ ಹೋದೆ. ಅವರು ಮಷಿನ್ನಿನ ಇನ್ಶೂರೆನ್ಸ್ ಮುಗಿಸಿ ನನ್ನನ್ನು ಮರೆತಿದ್ದರು.

‘ಬ್ರೇಕ್ ಫೇಲ್ ಆಗಿರಲಿಲ್ರೀ. ನನ್ನ ಕಣ್ಣ ಮಂಜಾಗಿದ್ವು. ಸಕ್ಕರಿ ಐತಿ ಅಂತ ನನ್ನ ಮಗಳು ಎರಡು ತಿಂಗಳ ಮೊದಲ ಹೇಳಿದ್ಲು. ಕೇಳಲಿಲ್ಲ’ ಎಂದೆ.

ಅವರು ಒಂದು ಸ್ಟೂಲನ್ನು ನನ್ನ ಕಡೆ ತಳ್ಳಿದರು. ‘ಹದಿನೈದು ವರ್ಷದಲ್ಲಿ ನನ್ ಮಷಿನ್ ಬೀಳ್ಸಿದ ಎಲ್ಲ ಲಾರಿದೂ ಬ್ರೇಕೇ ಫೇಲ್ ಅಣ್ಣ. ಕಣ್ ಫೇಲ್ ಅಂದೋರು ನೀವೊಬ್ರೇ. ಕೂತ್ಕೊಳ್ಳಿ’ ಎಂದರು.

ಕೂತೆ. ಕೂತವನು ಕೆಲಸ ಕೇಳಲಿಲ್ಲ, ನನ್ನ ಷರತ್ತು ಹೇಳಿದೆ. ಹಗಲಿನಲ್ಲಿ ಮಾತ್ರ ಓಡಿಸುತ್ತೇನೆ. ಊಟದ ಹೊತ್ತಿಗೆ ಲಾರಿ ನಿಲ್ಲುತ್ತದೆ. ಎರಡು ತಾಸಿಗಿಂತ ಹೆಚ್ಚು ಕಾಯಿಸುವ ಗೇಟಿನಿಂದ ವಾಪಸ್ ಬರುತ್ತೇನೆ. ಆಮೇಲೆ ಇದನ್ನೇ ಸ್ಟ್ಯಾಂಡಿನ ಬ್ರೋಕರುಗಳಿಗೆ ಹೇಳಿದಾಗ ‘ಸಿದ್ರಾಮಣ್ಣ ಕಲೆಕ್ಟರ್ ಆಗ್ಬಿಟ್ಟ’ ಎಂದು ಚಪ್ಪಾಳೆ ತಟ್ಟಿದರು. ಹತ್ತು ದಿನ ಒಂದು ಲೋಡೂ ಸಿಗಲಿಲ್ಲ. ನಾನೂ ಕರಗಲಿಲ್ಲ. ಲಾರಿ ತೊಳೆದು, ಅದರ ನೆರಳಲ್ಲೇ ಕೂತು ಪೇಪರ್ ಓದಿದೆ.

ಹನ್ನೊಂದನೇ ದಿನ ಶೈಲಜಾ ಮೇಡಂ ಕರೆದರು. ಈಗ ವಾರಕ್ಕೆ ನಾಲ್ಕು ಲೋಡ್ ಅವರದ್ದೇ. ಪಕ್ಕದ ಇಬ್ಬರು ವರ್ಕ್‌ಶಾಪಿನವರಿಗೂ ಅವರೇ ಹೇಳಿದರು. ‘ನಿಮ್ ಲಾರಿ ಹೊರಟ ಮೇಲೆ ಫೋನ್ ಹಿಡ್ಕೊಂಡು ಕೂರೋದು ಬಿಟ್ಟಿದೀನಿ’ ಅನ್ನುತ್ತಾರೆ. ಮೊದಲು ಅವಸರದಲ್ಲಿ ಓಡುತ್ತಿದ್ದಾಗ ತಿಂಗಳಿಗೆ ಎರಡು ಸಲವಾದರೂ ಏನಾದರೂ ಒಡೆದು, ಬಾಡಿಗೆ ಕಡಿತವಾಗುತ್ತಿತ್ತು. ಅದನ್ನು ದಾರಿಯ ತಪ್ಪು ಎಂದುಕೊಂಡಿದ್ದೆ. ನಿದ್ದೆ ಮಾಡಿದ ಮನುಷ್ಯನಿಗೆ ಅದೇ ದಾರಿ ಅಗಲವಾಗಿದೆ. ನೀಲ್ಯಾನೂ ಇನ್ನೂ ನಾಲ್ಕು ಮಂದಿಯೂ ನನ್ನ ಹಾಗೆ ಶುರು ಮಾಡಿದ್ದಾರೆ.

ನಿಮ್ಮ ಗೇಟಿನ ಪಾಸ್ ರದ್ದಾಗಿದ್ದ ಅವಧಿ ಮುಗಿದಿದೆ, ಹೊಸದಕ್ಕೆ ಅರ್ಜಿ ಹಾಕಬಹುದು ಎಂದು ಮೆಸೇಜ್ ಬಂತು. ಹಾಕಲಿಲ್ಲ. ಆ ಕೀಲಿ ಇನ್ನೂ ಸೊಂಟದಲ್ಲೇ ಇದೆಯೋ?

ನಿನ್ನ ಅಪ್ಪ,
ಸಿದ್ರಾಮ

*

ಎಲೆಕ್ಟ್ರಾನಿಕ್ ಸಿಟಿ
20 ಜುಲೈ 2025

ಅಪ್ಪಾ,

ಕೀಲಿ ಸೊಂಟದಲ್ಲೇ ಇದೆ. ಹತ್ತೊಂಬತ್ತು ಸೋಮವಾರ ಬರೆದುಕೊಟ್ಟೆ. ಇಪ್ಪತ್ತನೆಯದು ಇರುವುದಿಲ್ಲ.

ಶುಕ್ರವಾರ ವಿದೇಶಿ ಗ್ರಾಹಕರ ಕಡೆಯಿಂದ ತಪಾಸಣೆಗೆ ಬಂದಿದ್ದರು. ಲಾರಿ ಚಾಲಕರಿಗೆ ಶೌಚಾಲಯ, ಕುಡಿಯುವ ನೀರು, ವಿಶ್ರಾಂತಿ ಕೋಣೆ ಇದೆ ಎಂಬ ಹಾಳೆಗೆ ಆರೋಗ್ಯ ಕೋಣೆಯ ಸಹಿ ಬೇಕಾಗಿತ್ತು. ಗುರುರಾಜ್ ಸಾರ್ ಹಾಳೆಯನ್ನು ನನ್ನ ಮುಂದಿಟ್ಟು, ಪೆನ್ನಿನ ಮುಚ್ಚಳವನ್ನೂ ತಾವೇ ತೆಗೆದುಕೊಟ್ಟರು.

‘ಇಲ್ಲ ಸಾರ್, ಇದು ಸುಳ್ಳು’ ಎಂದೆ.

‘ಎಲ್ಲಾ ಕಡೆನೂ ಹಾಕ್ತಾರಮ್ಮ. ಫಾರ್ಮ್ಯಾಲಿಟಿ.’

‘ಕೀಲಿ ಕೊಡಿಸಿ, ಈಗ್ಲೇ ಹಾಕ್ತೀನಿ.’

ಆಗ ಅವರಿಗೆ ಸಿಟ್ಟು ಬಂತು. ‘ಅಪ್ಪನ ಸಕ್ಕರೆಗೆ ಸಹಿ ಹಾಕೋಕೆ ಬಂತು, ಇದಕ್ಕೆ ಬರಲ್ವಾ?’ ಎಂದರು. ನಿನ್ನ ವಿಷಯ ಅವರಿಗೆ ಗೊತ್ತಿತ್ತು ಅಪ್ಪಾ. ಇಡೀ ಕಾರ್ಖಾನೆಗೆ ಗೊತ್ತಿತ್ತು.

‘ಅದು ನಿಜ ಇತ್ತು ಸಾರ್. ಅದಕ್ಕೆ ಹಾಕ್ದೆ’ ಎಂದೆ. ಪೆನ್ನಿಗೆ ಮುಚ್ಚಳ ಹಾಕಿ ವಾಪಸ್ ಕೊಟ್ಟೆ.

ಸಂಜೆ ಏಜೆನ್ಸಿಯವರ ಫೋನ್ ಬಂತು. ಸೋಮವಾರದಿಂದ ಬರಬೇಡಿ, ಬೇರೆ ನರ್ಸ್ ಬರುತ್ತಾರೆ ಎಂದರು. ಏಜೆನ್ಸಿ ಮೂಲಕ ಕೆಲಸಕ್ಕೆ ಸೇರಿದವಳನ್ನು ಕಳಿಸಲು ಒಂದು ಫೋನ್ ಸಾಕು. ಯೂನಿಫಾರಂ ಒಗೆದು ಮಡಚಿಟ್ಟಿದ್ದೇನೆ.

ಅಳುತ್ತಿಲ್ಲ. ಶುಕ್ರವಾರ ಅತ್ತದ್ದು ಸಾಕು. ನೀನು ಬೇಸರ ಮಾಡಿಕೊಂಡು ಊಟ ತಪ್ಪಿಸಬೇಡ. ಅವ್ವನಿಗೆ ನಾನೇ ಹೇಳುತ್ತೇನೆ.

ಮಹಾದೇವಿ

*

ಪೀಣ್ಯ
3 ಆಗಸ್ಟ್ 2025

ಮಾದೇವಿ, ನನ್ನವ್ವಾ,

ನೀಲ್ಯಾ ಫೋನಿನಲ್ಲಿ ಅರ್ಧ ಹೇಳಿರುತ್ತಾನೆ, ಅದೂ ಹೆಚ್ಚಿಸಿ. ಇದ್ದದ್ದನ್ನು ಬರೆಯುತ್ತೇನೆ.

ನಿನ್ನ ಕಾಗದ ಜುಲೈ 23ರ ಬುಧವಾರ ಸಿಕ್ಕಿತು. ಅದನ್ನು ಮೆಸ್ಸಿನಲ್ಲಿ ಗಟ್ಟಿಯಾಗಿ ಓದಿದೆ. ನಿನ್ನನ್ನು ಕೇಳದೆ ಓದಿದ್ದು ತಪ್ಪು, ಇರಲಿ. ಸೇಲಂ ಕಡೆಯ ಆ ಮನುಷ್ಯನೂ ಅವತ್ತು ಅಲ್ಲೇ ಊಟಕ್ಕಿದ್ದ. ನೀನು ಹೇಳಿದ ಮೇಲೆ ಸ್ಕ್ಯಾನ್ ಮಾಡಿಸಿ ಮೂತ್ರದ ಕಲ್ಲು ತೆಗೆಸಿಕೊಂಡನಂತೆ. ‘ಅಂತ ಪೊಣ್ಣಾ?’, ಆ ಹುಡುಗಿಯಾ, ಎಂದು ತಮಿಳಿನಲ್ಲಿ ಕೇಳಿ ಕೈ ತೊಳೆಯದೆ ಎದ್ದು ನಿಂತ.

ಮರುದಿನ ಗುರುವಾರ ಬೆಳಗ್ಗೆ ಹತ್ತಕ್ಕೆ ಮೆಸ್ಸಿನಲ್ಲಿದ್ದ ನಾವೆಲ್ಲ ನಿಮ್ಮ ಗೇಟಿಗೆ ಹೋದೆವು. ಸಾಲಿನಲ್ಲಿ ಇಪ್ಪತ್ತಾರು ಲಾರಿ ಇದ್ದವು. ನಾನು ಒಂದೊಂದು ಕ್ಯಾಬಿನ್ನಿಗೂ ಕುಂಟುತ್ತಲೇ ಹೋಗಿ ಮಾತಾಡಿದೆ. ಗುರುರಾಜ್ ಹೊರಗೆ ಬಂದ.

‘ಏನ್ರೀ ಇದು? ನಿಮ್ಗೆ ಪಾಸೇ ಇಲ್ವಲ್ಲ?’

‘ಇಲ್ರೀ. ಅದಕ್ಕ ಗೇಟಿನ ಹೊರಗ ನಿಂತೀನಿ’ ಎಂದೆ. ‘ಬಿಪಿ ನೋಡ್ರಿ, ಸಕ್ಕರಿ ನೋಡ್ರಿ, ಬ್ಯಾಡ ಅನ್ನಂಗಿಲ್ಲ. ನೋಡಬೇಕು. ನಾ ಒಂದ ಬೆರಳ ಕೊಟ್ಟು ಕಲ್ತೀನಿ. ಆದ್ರ ನೀರು ಕುಡ್ಯಾಕ ಬಿಡ್ರಿ, ಹೊರಗ ಹೋಗಾಕ ಕೀಲಿ ತಗೀರಿ. ಮತ್ತ ನೋಡಾಕ ಆ ಹುಡುಗೀನ ಕೂಡ್ರಸ್ರಿ. ಸುಳ್ಳ ಬರಿ ಅಂತ ಹೆತ್ತಪ್ಪ ನಾನ ಕೇಳಿದ್ದೆ. ಬರೀಲಿಲ್ಲ ಆಕಿ.’

ಅದನ್ನು ಇಪ್ಪತ್ತಾರು ಜನರ ಮುಂದೆ ಹೇಳಿದೆ. ಹೇಳುವಾಗ ನಾಚಿಕೆಯಾಗಲಿಲ್ಲ.

ಅವನು ಪೊಲೀಸರನ್ನು ಕರೆಯುತ್ತೇನೆ ಎಂದ. ಕರೆಯಿರಿ, ಅವರೂ ಗಂಟೆಗಟ್ಟಲೆ ರಸ್ತೆಯಲ್ಲಿ ನಿಲ್ಲುವವರೇ, ಅವರಿಗೂ ಅರ್ಥವಾಗುತ್ತದೆ ಎಂದೆ. ಯಾರೂ ಬೈಯಲಿಲ್ಲ, ಕಲ್ಲು ಮುಟ್ಟಲಿಲ್ಲ. ಹತ್ತೊಂಬತ್ತು ಮಂದಿ ತಮ್ಮ ಪಾಸುಗಳನ್ನು ಸೆಕ್ಯುರಿಟಿಯವನ ಮೇಜಿನ ಮೇಲಿಟ್ಟು ಖಾಲಿ ಲಾರಿ ತಿರುಗಿಸಿದರು. ಏಳು ಮಂದಿ ಉಳಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಕಂತು ಕಟ್ಟುವವರು.

ನಾಲ್ಕು ದಿನ ಅವರ ಮಾಲು ಒಳಗೇ ಬಿದ್ದಿತ್ತು. ಹೊರಗಿನಿಂದ ತಂದ ಲಾರಿಗಳಲ್ಲಿ ಒಂದು ಗೇಟಿನ ಕಂಬಕ್ಕೇ ಹೊಡೆಯಿತಂತೆ, ಚಾಲಕನಿಗೆ ಎರಡು ದಿನದಿಂದ ನಿದ್ದೆ ಇರಲಿಲ್ಲ. ಸೋಮವಾರ ಶೌಚಾಲಯದ ಬೀಗ ತೆಗೆದರು. ಬಾಗಿಲಿಗೆ ‘ಚಾಲಕರಿಗೆ’ ಎಂದು ಬೋರ್ಡ್ ಬಂದಿದೆ. ನೀರಿನ ಡ್ರಮ್ಮು, ಎರಡು ಬೆಂಚು, ಮೇಲೊಂದು ತಗಡು. ವಿಶ್ರಾಂತಿ ಕೋಣೆ ಬರಲಿಲ್ಲ. ನಿನ್ನನ್ನೂ ಅವರು ಕರೆಯಲಿಲ್ಲ. ಅದರಲ್ಲಿ ನಾವು ಸೋತೆವು. ಅದನ್ನು ಸೋಲು ಎಂದೇ ಬರೆಯುತ್ತೇನೆ, ಬಣ್ಣ ಹಚ್ಚುವುದಿಲ್ಲ.

ನಿನ್ನೆ ಶೈಲಜಾ ಮೇಡಂ ಇಲ್ಲಿಯ ಹದಿನಾಲ್ಕು ಸಣ್ಣ ಕಾರ್ಖಾನೆಯವರನ್ನು ಸೇರಿಸಿದ್ದರು. ಲಾರಿ ಸ್ಟ್ಯಾಂಡಿನ ಪಕ್ಕ ಒಂದು ಕೋಣೆ ಹಿಡಿದು, ಚಾಲಕರನ್ನು ನೋಡಲು ನರ್ಸ್ ಇಡಬೇಕೆಂದು ಮಾತಾಯಿತು. ಚಾಲಕ ಚೆನ್ನಾಗಿದ್ದರೆ ಮಾಲು ಚೆನ್ನಾಗಿರುತ್ತದೆ ಎನ್ನುವುದು ಅವರ ಲೆಕ್ಕ. ಲೆಕ್ಕಕ್ಕಾದರೂ ಮಾಡಲಿ. ನಿನ್ನ ಹೆಸರು ನಾನು ಎತ್ತಲಿಲ್ಲ, ಅವರೇ ಎತ್ತಿದರು. ಬರುತ್ತಾಳಾ ಎಂದು ಕೇಳಿದರು. ಆಕೆಗೂ ಷರತ್ತುಗಳಿರುತ್ತವೆ, ಕೇಳಿ ಹೇಳುತ್ತೇನೆ ಎಂದೆ. ಕೆಲವರ ಮುಖ ಬಾಡಿತು. ಬಾಡಲಿ.

ಷರತ್ತು ಏನೇನು ಎಂದು ಬರೆದು ಕಳಿಸು. ಕಡಿಮೆ ಬರೆಯಬೇಡ.

ನಿನ್ನ ಅಪ್ಪ,
ಸಿದ್ರಾಮ